ಮಗುವಿನ ಹಿಂದಿನ ಸೀಟಿನಲ್ಲಿ ನರ್ಸಕ್ಕ

ಮೂಡುಬಿದಿರೆ ದಾಟಿ ನಾರಾವಿಯ ಕಡೆಗೆ ತಿರುಗಿದ ಬಸ್ಸಿನಲ್ಲಿ ಮೊನ್ನೆ ನನ್ನ ಮುಂದಿನ ಸೀಟಿನ ಹೆಂಗಸೊಬ್ಬರು ಲಿಂಬೆಹಣ್ಣಿನ ಸಿಪ್ಪೆಯನ್ನು ಉಗುರಿನಿಂದ ಗೀರಿ ಮಗಳ ಮೂಗಿನ ಹತ್ತಿರ ಹಿಡಿದರು. ತಿರುವುಗಳ ದಾರಿ, ಮಗುವಿಗೆ ವಾಂತಿ ಬರುವ ಹಾಗಿತ್ತು. ಡೀಸೆಲ್ ವಾಸನೆಯ ನಡುವೆ ಆ ಹುಳಿ ಪರಿಮಳ ಒಮ್ಮೆ ಹಾದುಹೋಯಿತು, ಅಷ್ಟೇ. ಹಿಂದಿನ ದಿನ ಬಿ.ಸಿ. ರೋಡಿನ ಸಭಾಭವನದಲ್ಲಿ ಕೂತು ಕೇಳಿದ ಭಾಷಣಗಳೆಲ್ಲ ಬೇರೆ ಯಾರನ್ನೋ ಕುರಿತು ಮಾಡಿದ್ದು ಎಂದು ನನಗೆ ಖಾತ್ರಿಯಾಯಿತು.

ಅದು ನರ್ಸಕ್ಕನ ಶ್ರದ್ಧಾಂಜಲಿ ಸಭೆ. ಮಾತಾಡಿದವರೆಲ್ಲ ಒಂದೇ ದಾರಿಯಲ್ಲಿ ಹೋದರು. ಹೆತ್ತದ್ದು ಒಂದೂ ಇಲ್ಲ, ಆದರೂ ಊರ ಅನಾಥ ಮಕ್ಕಳಿಗೆಲ್ಲ ತಾಯಿ. ಮಮತೆಯ ಮಡಿಲು. ಒಬ್ಬರಂತೂ, ಕಂಡ ಮಗುವನ್ನು ಎತ್ತಿ ಮುದ್ದಾಡದೆ ಅವರು ಮುಂದೆ ಹೋದದ್ದೇ ಇಲ್ಲ ಎಂದು ಹೇಳಿ ಕಣ್ಣೊರೆಸಿಕೊಂಡರು. ಸತ್ತವರ ಬಗ್ಗೆ ಒಳ್ಳೆಯ ಮಾತಾಡುವುದು ಸರಿ, ಆದರೆ ಒಳ್ಳೆಯ ಮಾತು ನಿಜವೂ ಆಗಿದ್ದರೆ ಏನು ನಷ್ಟ? ನರ್ಸಕ್ಕ ಮಗುವನ್ನು ಎತ್ತಿಕೊಂಡದ್ದನ್ನು ನಾನು ಕಂಡವನಲ್ಲ. ಮುದ್ದು ಅವರಿಗೆ ಬರುತ್ತಲೇ ಇರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ನಾರಾವಿಯಿಂದ ಕೊಕ್ಕಡದವರೆಗೆ ಮನೆ ಮನೆ ಹತ್ತಿ ಇಳಿದು ಮಕ್ಕಳ ತೊಡೆಗೆ ಸೂಜಿ ಚುಚ್ಚಿದವರು ಅವರು. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಕಂಕುಳಲ್ಲಿ ಉದ್ದ ಕೊಡೆ. ಗೇಟಿನಲ್ಲಿ ಆ ಕೊಡೆ ಕಂಡರೆ ಮಕ್ಕಳು ದನದ ಹಟ್ಟಿಯ ಹಿಂದೆ ಅಡಗುತ್ತಿದ್ದರು. ನಿವೃತ್ತಿಯಾದ ಮೇಲೆ ಅವರು ಮಕ್ಕಳ ಪರವಾಗಿ ಕೆಲಸ ಮಾಡುತ್ತಾರೆ ಎಂದು ಕೇಳಿ ನಮ್ಮ ಊರಿನ ಹಿರಿಯರೊಬ್ಬರು ನಕ್ಕಿದ್ದರಂತೆ: "ಅದು ಮಕ್ಕಳಿಗೆ ಯಾರಾದರೂ ಹೇಳಿದ್ದಾರಾ?"

ಕೆಲಸ ಇಷ್ಟೇ. ಹೆತ್ತವರು ನೋಡಿಕೊಳ್ಳಲಾಗದ ಮಗುವನ್ನು ಇನ್ನೊಂದು ಮನೆಯಲ್ಲಿ ಸಾಕಲು ಬಿಡುವ ಪದ್ಧತಿ ಉಂಟಲ್ಲ, ಪೋಷಕತ್ವ ಎನ್ನುತ್ತಾರೆ, ಅಂಥ ಮಗು ಏನು ಹೇಳುತ್ತದೆ ಎಂದು ತಿಳಿದು, ನಿರ್ಧಾರ ಮಾಡುವ ಸಮಿತಿಯ ಮುಂದೆ ಇಡುವುದು. ದತ್ತು ಕೊಡುವಾಗಲೂ ಅದೇ. ಸಂಬಳವಿಲ್ಲ, ಕುರ್ಚಿಯಿಲ್ಲ. ಪಾಣೆಮಂಗಳೂರಿನ ಅವರ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತುವುದು, ಸಂಜೆ ಇಳಿಯುವುದು. ಅಣ್ಣ ತಂಗಿಯನ್ನು ಬೇರೆ ಬೇರೆ ಮನೆಗೆ ಕೊಡುವ ಯೋಚನೆ ಇದ್ದಾಗ, ಅದಾಗದು ಎಂದು ಅವರು ಒಂದು ಕಚೇರಿಯ ಬಾಗಿಲಲ್ಲಿ ಮಧ್ಯಾಹ್ನದ ಊಟ ಬಿಟ್ಟು ನಿಂತದ್ದನ್ನು ಆಮೇಲೆ ಬೇರೆಯವರು ನನಗೆ ಹೇಳಿದರು. ಅವರಾಗಿ ಹೇಳಲಿಲ್ಲ.

ನನಗೆ ಅವರು ಪರಿಚಯವಾದದ್ದು ಚಿಕ್ಕಮ್ಮನ ಮನೆಯಲ್ಲಿ, ಎದುರಾಳಿಯಾಗಿ.

ನಾನು ಬಂಟ್ವಾಳದವನಾದರೂ ಡಿಗ್ರಿ ಓದುವಾಗ ನಾರಾವಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಅಲ್ಲಿಂದ ಮೂಡುಬಿದಿರೆಯ ಕಾಲೇಜಿಗೆ ದಿನಾ ಬಸ್ಸು. ಚಿಕ್ಕಪ್ಪ ಗಲ್ಫಿನಲ್ಲಿ ಹೋಟೆಲ್ ನಡೆಸುತ್ತಿದ್ದರು, ಅವರಿಗೆ ಮಕ್ಕಳಿರಲಿಲ್ಲ. ನಾನಿದ್ದ ಮೊದಲ ವರ್ಷ ಐದು ವರ್ಷದ ಒಬ್ಬ ಹುಡುಗಿ ಪೋಷಕತ್ವದಲ್ಲಿ ಆ ಮನೆಗೆ ಬಂದಳು. ಅವಳ ತಾಯಿ ಕೊಕ್ಕಡದ ಕಡೆ ರಬ್ಬರ್ ಟ್ಯಾಪಿಂಗ್ ಮಾಡುವವರು. ಗಂಡ ಸತ್ತ ಮೇಲೆ ಅವರ ಮನಸ್ಸಿನ ಆರೋಗ್ಯ ಕೆಟ್ಟು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಹುಡುಗಿ ಚಿಕ್ಕಮ್ಮನನ್ನು ಬಂದ ವಾರದಲ್ಲೇ ಅಮ್ಮ ಎಂದಳು. ನನ್ನನ್ನು ಅಣ್ಣ ಎಂದಳು. ನಾನು ಚರ್ಚಾಸ್ಪರ್ಧೆಯಲ್ಲಿ ಗೆದ್ದು ತಂದ ಕಪ್ಪುಗಳನ್ನು ತನ್ನ ಲಂಗದಲ್ಲಿ ಒರೆಸಿ ಸಾಲಾಗಿ ಇಡುತ್ತಿದ್ದಳು. ಮಣೆಯ ಮೇಲೆ ನಿಂತು "ಮಾನ್ಯ ಅಧ್ಯಕ್ಷರೇ" ಎಂದು ಶುರು ಮಾಡಿ, ಮುಂದೆ ಗೊತ್ತಿಲ್ಲದೆ ಅದನ್ನೇ ನಾಲ್ಕು ಸಲ ಹೇಳಿ ಇಳಿಯುತ್ತಿದ್ದಳು. ನಾನು ಕಂಡ ಎಷ್ಟೋ ಭಾಷಣಕಾರರಿಗಿಂತ ಅದು ವಾಸಿ ಇತ್ತು.

ಈಗ ನಮ್ಮ ಕುಟುಂಬದ ಒಂದು ಸಂಗತಿ ಹೇಳಬೇಕು. ನಮ್ಮದು ಅಳಿಯಕಟ್ಟಿನ ಮನೆ, ವಂಶ ತಾಯಿಯಿಂದ ಬರುತ್ತದೆ. ತಾಯಿಯ ಕಡೆಯ ಕುಲವನ್ನು ನಾವು 'ಬರಿ' ಎನ್ನುತ್ತೇವೆ. ನನ್ನ ಅಮ್ಮನಿಗೆ ನಾವಿಬ್ಬರು ಗಂಡುಮಕ್ಕಳು. ಚಿಕ್ಕಮ್ಮನಿಗೆ ಯಾರೂ ಇಲ್ಲ. ಅಂದರೆ ಎರಡು ಕಪ್ಪುಗಳನ್ನು ಒಟ್ಟಿಗೆ ಗೆದ್ದು ಬಂದರೂ ವಂಶದ ಲೆಕ್ಕದಲ್ಲಿ ನಾನು ಸೊನ್ನೆ. ಕುಟುಂಬದ ಯಜಮಾನರಾದ ದೊಡ್ಡ ಮಾವ, ಅಮ್ಮ ಚಿಕ್ಕಮ್ಮಂದಿರ ಅಣ್ಣ, ಇದೇ ಚಿಂತೆಯಲ್ಲಿ ಹಣ್ಣಾಗಿದ್ದರು. ಹುಡುಗಿ ಬಂದ ಮರುವರ್ಷ ಕುಟುಂಬದ ಮನೆಯಲ್ಲಿ ದೈವಗಳಿಗೆ ವರ್ಷದ ಸೇವೆಯಾದ ತಂಬಿಲ ಕೊಡುವ ದಿನ ಅವರು ಅವಳನ್ನು ಮುಂದೆ ನಿಲ್ಲಿಸಿ, ಇವಳು ಇನ್ನು ನಮ್ಮ ಬರಿಯವಳು ಎಂದು ಅರಿಕೆ ಮಾಡಿ ಗಂಧಪ್ರಸಾದ ಕೊಟ್ಟುಬಿಟ್ಟರು. ಕಾಗದದಲ್ಲಿ ಅವಳು ಇನ್ನೂ ಪೋಷಕತ್ವದ ಮಗು. ಹೆತ್ತ ತಾಯಿ ಚೇತರಿಸಿಕೊಂಡರೆ ಹಿಂದಿರುಗಬೇಕಾದವಳು. ಆದರೆ ದೈವದ ಮುಂದೆ ಆಡಿದ ಮಾತಿಗಿಂತ ಕಾಗದ ದೊಡ್ಡದು ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ದೈವವನ್ನು ನಂಬದ ನನಗೂ.

ತಾಯಿ ಚೇತರಿಸಿಕೊಂಡರು. ಮಗುವನ್ನು ವಾಪಸು ಕೇಳಿದರು. ಮಗುವಿನ ಮಾತು ಕೇಳಲು ನರ್ಸಕ್ಕ ಬಂದರು.

ಜಗಲಿಯಲ್ಲಿ ದೊಡ್ಡ ಮಾವ ಕಾಲು ಚಾಚಿ ಕೂತು, ಬರಿ ಕೊಟ್ಟಾಗಿದೆ, ಇನ್ನು ವಾಪಸು ಕೊಡುವ ಪ್ರಶ್ನೆಯೇ ಇಲ್ಲ ಎಂದು ವಿವರಿಸಿದರು. ನರ್ಸಕ್ಕ ಪೂರ್ತಿ ಕೇಳಿಸಿಕೊಂಡರು.

"ಒಳ್ಳೆಯದಾಯಿತು. ಮಗುವಿಗೆ ಕೇಳಿದ್ದೀರಾ?"

"ಆರು ವರ್ಷದ ಮಗುವಿಗೆ ಎಂತ ಕೇಳುವುದು ನರ್ಸಕ್ಕ? ನೀವು ಸೂಜಿ ಹಾಕುವಾಗ ಕೇಳ್ತಿದ್ರಾ?"

"ಇಲ್ಲ. ಕೇಳ್ತಾ ಇರಲಿಲ್ಲ" ಎಂದರು ಅವರು. "ಅದಕ್ಕೇ ಈಗ ಕೇಳ್ತೇನೆ."

ಆ ಉತ್ತರಕ್ಕೆ ನಾನು ಮನಸ್ಸಿನಲ್ಲೇ ಅಂಕ ಕೊಟ್ಟೆ. ಎದುರಾಳಿ ಗಟ್ಟಿ ಎಂದುಕೊಂಡೆ.

ಅವರ ಕ್ರಮ ವಿಚಿತ್ರವಾಗಿತ್ತು. ಸಾಕುವವರ ಮನೆಯಲ್ಲಿ ಮಗುವನ್ನು ಮಾತಾಡಿಸುತ್ತಿರಲಿಲ್ಲ. ಹೆತ್ತವರ ಮನೆಯಲ್ಲೂ ಇಲ್ಲ, ಕಚೇರಿಯಲ್ಲಂತೂ ಇಲ್ಲವೇ ಇಲ್ಲ. ಬಸ್ಸು ಹತ್ತಿಸುತ್ತಿದ್ದರು. ನಾರಾವಿಯಿಂದ ಮೂಡುಬಿದಿರೆ, ಅಲ್ಲಿಂದ ವೇಣೂರು ದಾರಿಯಾಗಿ ಬೆಳ್ತಂಗಡಿ, ಮತ್ತೆ ನಾರಾವಿ. ಮಗು ಕಿಟಕಿಯ ಪಕ್ಕ. ಅವರು ಅದರ ಹಿಂದಿನ ಸೀಟಿನಲ್ಲಿ. ಮುಖ ನೋಡುವವರಿಲ್ಲದಿದ್ದರೆ ಮಾತು ತಾನಾಗಿ ಬರುತ್ತದೆ ಎಂದು ಅವರ ಲೆಕ್ಕ. ಒಂದೇ ಒಂದು ನಿಯಮ: ಪ್ರಶ್ನೆ ಕೇಳುವ ಹಕ್ಕು ಮಗುವಿಗೆ ಮಾತ್ರ. ಸೂಜಿಯ ಕಾಲದಲ್ಲಿ ಉಳಿದ ಹಳೆಯ ರಿಜಿಸ್ಟರೊಂದು ಅವರ ಚೀಲದಲ್ಲಿರುತ್ತಿತ್ತು. ಮಗು ಹೇಳಿದ್ದನ್ನು ಹೇಳಿದ ಹಾಗೆಯೇ ಅದರಲ್ಲಿ ಬರೆಯುತ್ತಿದ್ದರು. ಜೊತೆಗೆ ಎರಡು ಲಿಂಬೆಹಣ್ಣು, ನಮ್ಮ ಹುಡುಗಿಗೆ ಬಸ್ಸಿನಲ್ಲಿ ವಾಂತಿ ಬರುತ್ತಿತ್ತು.

ಆ ಪ್ರಯಾಣಗಳಿಗೆ ಚಿಕ್ಕಮ್ಮ ನನ್ನನ್ನು ಜೊತೆಗೆ ಅಟ್ಟಿದರು. "ಅವರು ಮಗುವಿನ ತಲೆಗೆ ಎಂತಾದರೂ ತುಂಬಿಸಿಯಾರು, ನೀನು ನೋಡಿಕೋ ಮಗಾ." ನೋಡಿಕೊಳ್ಳುವುದಕ್ಕೆ ಹೋದವನು ನಾನೇ ಎರಡನೇ ಪ್ರಯಾಣದಲ್ಲಿ ನರ್ಸಕ್ಕನ ಪಕ್ಕದಿಂದ ಮುಂದಕ್ಕೆ ಬಾಗಿ, "ನಿನಗೆ ನಮ್ಮ ಮನೆಯೇ ಇಷ್ಟ ಅಲ್ವಾ ಪುಟ್ಟಾ? ಅಮ್ಮನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಅಲ್ವಾ?" ಎಂದು ಕೇಳಿದೆ. ಅವಳು ಹೌದೆಂದು ತಲೆಯಾಡಿಸಿದಳು. ನಾನು ಗೆದ್ದವನ ಹಾಗೆ ಹಿಂದಕ್ಕೆ ಒರಗಿ, ಬರೆದುಕೊಳ್ಳಿ ಎಂದೆ.

"ಎಂತ ಬರೆಯುವುದು?" ಎಂದರು ನರ್ಸಕ್ಕ. "ಉತ್ತರ ನೀನೇ ಹೇಳಿದ್ದಲ್ಲವಾ ಮಾರಾಯ. ಅವಳು ತಲೆ ಅಲ್ಲಾಡಿಸಿದ್ದು, ಅಷ್ಟೇ."

ವೇಣೂರಿನ ಮೊದಲೇ ಅವಳಿಗೆ ವಾಂತಿಯಾಯಿತು. ಅದು ನನ್ನ ಪ್ರಶ್ನೆಯಿಂದಲ್ಲ, ತಿರುವಿನಿಂದ ಎಂದು ನಾನು ಇಂದಿಗೂ ವಾದಿಸಬಲ್ಲೆ...

ಮೂರನೆಯ ಸಲ ನಾನು ಬಾಯಿ ಮುಚ್ಚಿ ಕೂತೆ. ಬೆಳ್ತಂಗಡಿ ನಿಲ್ದಾಣದಲ್ಲಿ ಇಳಿದಾಗ ಅವಳು ನಿಂತಿದ್ದ ಬಸ್ಸುಗಳ ಹತ್ತಿರ ಒಂದೊಂದಾಗಿ ಹೋದಳು. ಪ್ರತಿ ಕಂಡಕ್ಟರನ ಅಂಗಿ ಎಳೆದು ಏನೋ ಕೇಳಿದಳು. ಹಿಂದಿನ ಎರಡು ಸಲವೂ ಹೀಗೆ ಹೋಗಿದ್ದಳು, ನಾನು ಆಟ ಎಂದುಕೊಂಡಿದ್ದೆ. ಈ ಸಲ ಹತ್ತಿರ ಹೋಗಿ ಕೇಳಿಸಿಕೊಂಡೆ. "ಈ ಬಸ್ಸು ಕೊಕ್ಕಡಕ್ಕೆ ಹೋಗ್ತದಾ?" ಹೋಗುತ್ತದೆ ಎಂದು ಒಬ್ಬ ಹೇಳಿದ. ಅವಳು ಹತ್ತಲಿಲ್ಲ. ಆ ಬಸ್ಸು ಹೊರಡುವವರೆಗೆ ನೋಡಿ, ನಮ್ಮ ಬಸ್ಸಿಗೆ ಬಂದು ಕಿಟಕಿಯ ಪಕ್ಕ ಕೂತಳು. ನರ್ಸಕ್ಕ ಬರೆದುಕೊಂಡರು. ನಾನು ಅದನ್ನು ಮನೆಯಲ್ಲಿ ಚಿಕ್ಕಮ್ಮನಿಗೆ ಹೇಳಲಿಲ್ಲ.

ಸಮಿತಿಯ ಮುಂದೆ ಚಿಕ್ಕಮ್ಮ ಓದುವುದಕ್ಕೆ ನಾನು ನಾಲ್ಕು ಪುಟ ಬರೆದುಕೊಟ್ಟಿದ್ದೆ. ಶಾಲೆ, ಆರೋಗ್ಯ, ಭದ್ರತೆ, ಪ್ರೀತಿ, ಎಲ್ಲದಕ್ಕೂ ಒಂದೊಂದು ವಾದ. ಈಗಲೂ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಚಿಕ್ಕಮ್ಮ ಅರ್ಧಕ್ಕೆ ಅತ್ತುಬಿಟ್ಟರು, ಉಳಿದದ್ದನ್ನು ನಾನೇ ಓದಿದೆ. ಆಮೇಲೆ ನರ್ಸಕ್ಕ ಎದ್ದು, ಕನ್ನಡಕ ಹಾಕಿ, ರಿಜಿಸ್ಟರು ತೆರೆದು ಮಗುವಿನ ಮಾತುಗಳನ್ನು ಒಂದೇ ಸ್ವರದಲ್ಲಿ ಓದಿದರು. ಈ ಬಸ್ಸು ಕೊಕ್ಕಡಕ್ಕೆ ಹೋಗ್ತದಾ. ನಾರಾವಿಯ ಅಮ್ಮ ದೋಸೆಗೆ ಕಣ್ಣು ಮೂಗು ಮಾಡಿ ಕೊಡ್ತಾರೆ. ಕೊಕ್ಕಡದ ಅಮ್ಮ ಈಗ ನಗ್ತಾರಾ. ನಾನು ಹೋದರೆ ಅಣ್ಣನ ಕಪ್ಪು ಯಾರು ಒರೆಸುವುದು. ಎರಡು ಕಡೆ ಇರ್ಲಿಕ್ಕೆ ಆಗ್ತದಾ.

ಓದಿ ಕೂತರು. ತಮ್ಮದೊಂದು ವಾಕ್ಯ ಸೇರಿಸಲಿಲ್ಲ. ಅಷ್ಟು ಕಪ್ಪು ಗೆದ್ದವನು ನಾನು, ಅಂಥ ಸೋಲನ್ನು ಅದಕ್ಕಿಂತ ಮೊದಲೂ ಆಮೇಲೂ ಕಂಡಿಲ್ಲ.

ಮಗು ತಾಯಿಯ ಬಳಿ ಹೋಗಬೇಕು, ಆದರೆ ನಾರಾವಿಯ ಮನೆಗೆ ಬಂದು ಹೋಗುತ್ತಿರಲಿ, ಎರಡೂ ಕಡೆಯವರು ಅದಕ್ಕೆ ಒಪ್ಪಿದರೆ ಒಳ್ಳೆಯದು ಎಂದು ತೀರ್ಮಾನವಾಯಿತು. ಬಂದು ಹೋಗುವ ಆ ಮಾತಿಗಾಗಿ ನರ್ಸಕ್ಕ ಎಷ್ಟು ಹೋರಾಡಿದ್ದರೆಂದು ನನಗೆ ತಡವಾಗಿ ಗೊತ್ತಾಯಿತು. ಕೊಕ್ಕಡದ ತಾಯಿ ಕೂಡಲೇ ಒಪ್ಪಿದರು. ಒಪ್ಪದವರು ನಾವು. "ಬರಿ ಕೊಟ್ಟ ಮಗು ನೆಂಟರ ಹಾಗೆ ಬಂದು ಹೋಗುವುದಾ? ಇದ್ದರೆ ಮನೆಯವಳಾಗಿ ಇರಲಿ. ಇಲ್ಲದಿದ್ದರೆ ಈ ಮೆಟ್ಟಿಲು ಹತ್ತುವುದು ಬೇಡ" ಎಂದರು ದೊಡ್ಡ ಮಾವ. ಚಿಕ್ಕಮ್ಮ ತಲೆ ತಗ್ಗಿಸಿದರು. ದೈವದ ಎದುರು ಆಡಿದ ಮಾತನ್ನು ಉಳಿಸಿಕೊಳ್ಳುವುದಕ್ಕೆ ನಾವು ಕಂಡುಕೊಂಡ ದಾರಿ ಅದು: ಯಾರಿಗೆ ಮಾತು ಕೊಟ್ಟೆವೋ ಅವಳನ್ನೇ ಹೊರಗಿಡುವುದು.

ನರ್ಸಕ್ಕ ಬಿಡಲಿಲ್ಲ. ತಿಂಗಳಿಗೊಮ್ಮೆ ಗೇಟಿನಲ್ಲಿ ಕೊಡೆ ಕಾಣುತ್ತಿತ್ತು. ಮಾವ ಇದ್ದರೆ ಮಾವನ ಹತ್ತಿರ, ಇಲ್ಲದಿದ್ದರೆ ಚಿಕ್ಕಮ್ಮನ ಹತ್ತಿರ ಅದೇ ಮಾತು. ಒಂದು ದಿನ ಅವರು ಹುಡುಗಿಯನ್ನೇ ಕರೆದುಕೊಂಡು ಬಂದರು. ಬೇಸಿಗೆ ರಜೆ, ಬೆಳಗಿನ ಹತ್ತು ಗಂಟೆ. ಒಳಗಿನಿಂದ ಮಾವ ಹೇಳಿದರು: "ಹೋಗು, ಚಿಕ್ಕಮ್ಮ ಮನೆಯಲ್ಲಿ ಇಲ್ಲ ಅಂತ ಹೇಳು." ಚಿಕ್ಕಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ಹೇಳಬೇಡ ಎಂದು ಅವರು ಹೇಳಲಿಲ್ಲ. ನಾನು ಹೋಗಿ ಹೇಳಿದೆ.

ಹುಡುಗಿ ನನ್ನ ಮುಖ ನೋಡಲಿಲ್ಲ, ಮೆಟ್ಟಿಲ ಬುಡ ನೋಡಿದಳು. "ಅಮ್ಮನ ಚಪ್ಪಲಿ ಇಲ್ಲೇ ಉಂಟಲ್ಲ ಅಣ್ಣಾ."

ಯಾವ ವಿಷಯ ಕೊಟ್ಟರೂ ಮೂರು ನಿಮಿಷ ಪರ, ಮೂರು ನಿಮಿಷ ವಿರೋಧ ಮಾತಾಡಬಲ್ಲ ನಾನು ಆ ಚಪ್ಪಲಿಯನ್ನೇ ನೋಡಿದೆ. ನರ್ಸಕ್ಕ ಕೊಡೆಯನ್ನು ಎಡಗೈಗೆ ಬದಲಿಸಿಕೊಂಡು, ಬಲಗೈಯಲ್ಲಿ ಹುಡುಗಿಯ ಕೈ ಹಿಡಿದು, ರಸ್ತೆಗೆ ಇಳಿದರು. ಅವರು ಮಗುವನ್ನು ಮುಟ್ಟಿದ್ದು ನಾನು ನೋಡಿದ್ದು ಆ ಒಂದೇ ಸಲ. ಅದು ಮಮತೆಯೋ, ಇಳಿಯುವಾಗ ತಮಗೇ ಬೇಕಾದ ಆಸರೆಯೋ, ನಾನು ತೀರ್ಮಾನ ಮಾಡಲಾರೆ.

ಆಮೇಲೆ ಅವರು ನಾರಾವಿಗೆ ಬರಲಿಲ್ಲ. ಆದರೆ ಆ ವರ್ಷದ ಕೊನೆಗೆ ಮೂಡುಬಿದಿರೆಯ ನಿಲ್ದಾಣದಲ್ಲಿ ಸಿಕ್ಕರು. ನಾನು ತಪ್ಪಿಸಿಕೊಳ್ಳುವ ಮೊದಲೇ ಹತ್ತಿರ ಬಂದಿದ್ದರು.

"ನೀನು ಆ ದಿನ ಓದಿದ್ದು ಒಳ್ಳೆಯದಿತ್ತು" ಎಂದರು. "ಒಂದು ಸಲ ಚಿಕ್ಕಮ್ಮನ ಹತ್ತಿರ ಹಾಗೆ ಮಾತಾಡು ಮಾರಾಯ. ಮಗುವಿಗಾಗಿ. ನಾನು ಹೊರಗಿನವಳು, ನನ್ನ ಮಾತು ಗೇಟಿನಲ್ಲೇ ನಿಲ್ತದೆ."

"ಮಾವ ಒಪ್ಪುವುದಿಲ್ಲ ನರ್ಸಕ್ಕ."

"ಒಪ್ಪುವವರ ಹತ್ತಿರ ವಾದ ಎಂತಕ್ಕೆ?"

ಅವರ ಬಸ್ಸು ಬಂತು, ಹತ್ತಿದರು. ಅದು ನನಗೆ ಅವರು ಹೇಳಿದ ಕೊನೆಯ ಮಾತು. ನಾನು ಚಿಕ್ಕಮ್ಮನ ಹತ್ತಿರ ಮಾತಾಡಲಿಲ್ಲ. ಆ ತಿಂಗಳು ಪರೀಕ್ಷೆ, ಮುಂದಿನ ತಿಂಗಳು ಸ್ಪರ್ಧೆ, ಆಮೇಲೆ ಕೆಲಸ... ಕಾರಣಗಳನ್ನು ಜೋಡಿಸುವುದರಲ್ಲಿ ನನಗೆ ತರಬೇತಿ ಆಗಿದೆ. ದೊಡ್ಡ ಮಾವ ತೀರಿಕೊಂಡು ಎರಡು ವರ್ಷವಾಯಿತು. ಅವರು ಒಪ್ಪುವುದಿಲ್ಲ ಎಂಬ ಕಾರಣವೂ ಅವರ ಜೊತೆಗೇ ಹೋಯಿತು. ಆದರೂ ಮಾತಾಡಲಿಲ್ಲ. ಈ ಮಧ್ಯೆ ನರ್ಸಕ್ಕ ಪಾಣೆಮಂಗಳೂರಿನಿಂದ ಬಸ್ಸು ಹತ್ತುತ್ತಲೇ ಇದ್ದರು, ಮೊಣಕಾಲು ಸೋಲುವವರೆಗೆ. ಕ್ಷಮಿಸಿ ಎನ್ನಲು ಅವರ ಮನೆ ಬಂಟ್ವಾಳಕ್ಕೆ ಮರಳಿದ ನನಗೆ ಒಂದು ನಡಿಗೆಯ ದೂರ. ಹೋಗಿರಲಿಲ್ಲ. ಹೋದದ್ದು ಸಭೆಗೆ.

ಸಭೆಯಲ್ಲಿ ಅವಳಿದ್ದಳು. ಹಿಂದಿನ ಸಾಲಿನಲ್ಲಿ ತಾಯಿಯ ಪಕ್ಕ, ಶಾಲೆಯ ಸಮವಸ್ತ್ರದಲ್ಲಿ. ಎತ್ತರವಾಗಿದ್ದಾಳೆ. ನಾನು ಗುರುತು ಹಿಡಿಯುವ ಮೊದಲು ಅವಳು ಹಿಡಿದಳು. ಭಾಷಣಗಳು ಮುಗಿದು ಜನ ಎದ್ದಾಗ ಹತ್ತಿರ ಬಂದು, "ನೀವು ಮಾತಾಡಲಿಲ್ಲವಾ ಅಣ್ಣ?" ಎಂದಳು. ಏನು ಮಾತಾಡಲಿ ಎಂದೆ. "ನರ್ಸಕ್ಕನಿಗೆ ಮುದ್ದು ಮಾಡ್ಲಿಕ್ಕೆ ಬರ್ತಾ ಇರಲಿಲ್ಲ ಅಂತ ಒಬ್ಬರಾದರೂ ಹೇಳಬೇಕಿತ್ತು" ಎಂದು ನಕ್ಕಳು. ಪ್ರತಿ ಶಾಲಾರಂಭಕ್ಕೆ ಅವರು ಕೊಕ್ಕಡಕ್ಕೆ ಬಂದು, ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತು ಚಹಾ ಕುಡಿಯುತ್ತಿದ್ದರಂತೆ. ಇವಳು ಅವರ ಬೆನ್ನಿಗೆ ಎಲ್ಲ ಹೇಳುತ್ತಿದ್ದಳಂತೆ. ಹೇಳುವಾಗ ಅವಳ ನಗು ಹೋಯಿತು.

ಆಮೇಲೆ ಹೇಳಿದಳು: "ಈ ಆದಿತ್ಯವಾರ ಬೆಳ್ತಂಗಡಿಯಲ್ಲಿ ನಮಗೆ ಕಬಡ್ಡಿ ಉಂಟು. ಮುಗಿದ ಮೇಲೆ ನಾರಾವಿಗೆ ಬಂದರೆ... ಅಮ್ಮ ಮನೆಯಲ್ಲಿ ಇರ್ತಾರಾ?"

ಇಂಥ ಪ್ರಶ್ನೆಯನ್ನು ಹೊತ್ತು ಗೇಟಿನಿಂದ ಗೇಟಿಗೆ ನಡೆಯಲು ನಮ್ಮ ಮೂರು ತಾಲೂಕಿಗೆ ಒಬ್ಬರು ಇದ್ದರು. ಈಗ ಇಲ್ಲ. ಆ ಸ್ಥಾನಕ್ಕೆ ನಾನು ಯೋಗ್ಯ ಎಂದು ಯಾರೂ ವಾದಿಸಲಾರರು, ನಾನು ಸಹ. ಆದರೆ ಪ್ರಶ್ನೆ ನನ್ನ ಕೈಗೆ ಬಂದಾಗಿತ್ತು. ಅದಕ್ಕೇ ಮೊನ್ನೆ ನಾರಾವಿಯ ಬಸ್ಸು ಹತ್ತಿದ್ದು.

ಚಿಕ್ಕಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ಅವರ ಕೂದಲು ಪೂರ್ತಿ ಬೆಳ್ಳಗಾಗಿದೆ. ನರ್ಸಕ್ಕ ಹೋದ ಸುದ್ದಿ ಗೊತ್ತಿತ್ತು. "ಹಟದ ಹೆಂಗಸು" ಎಂದರು. ಬೈಗುಳದ ಹಾಗೆ ಕೇಳಿಸಲಿಲ್ಲ. ಬಸ್ಸಿನಲ್ಲಿ ನಾನು ಎಂಟು ವಾದಗಳನ್ನು ಕಟ್ಟಿಕೊಂಡಿದ್ದೆ, ಒಂದಕ್ಕಿಂತ ಒಂದು ಗಟ್ಟಿ. ಒಂದನ್ನೂ ಹೇಳಲಿಲ್ಲ. ಅವರ ಎದುರಿಗೆ ಕೂರದೆ ಪಕ್ಕದಲ್ಲಿ ಕೂತೆ. ಸಭೆಗೆ ಯಾರು ಬಂದಿದ್ದರು, ಏನು ಕೇಳಿದರು ಎಂಬುದನ್ನು ಅವಳು ಹೇಳಿದ ಹಾಗೆಯೇ ಹೇಳಿದೆ. ಮೊರದ ಮೇಲೆ ಓಡಾಡುತ್ತಿದ್ದ ಬೆರಳುಗಳು ನಿಂತವು.

"ಆದಿತ್ಯವಾರ ನೀವು ಮನೆಯಲ್ಲಿ ಇರ್ತೀರಾ, ಚಿಕ್ಕಮ್ಮಾ?"